ಅಪಾಯ ಜೂನ್ ಒಂದಕ್ಕೆ ಶುರುವಾಗುವುದಲ್ಲ: ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಮತ್ತು ಉಡುಪಿಯ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ಕಾಪು ಆಸುಪಾಸಿನಲ್ಲಿ ಶಾಮಿಯಾನ, ಲೈಟಿಂಗ್, ಮೈಕ್ ಸೆಟ್ ಬಾಡಿಗೆಗೆ ಕೊಡುವವರಲ್ಲಿ ನಾನೂ ಒಬ್ಬ. ಮದುವೆ, ಜಾತ್ರೆ, ದೈವದ ಕೋಲ, ಯಕ್ಷಗಾನ ಬಯಲಾಟ, ಗದ್ದೆಯಲ್ಲಿ ನಡೆಯುವ ಅಂಡರ್‌ಆರ್ಮ್ ಕ್ರಿಕೆಟ್, ಯಾವುದೇ ಇರಲಿ, ಜನ ಬರುವ ಮೊದಲು ಕಂಬ ನಿಲ್ಲಿಸಲು ನಾವು ಹೋಗಬೇಕು. ಜನ ಹೋದ ಮೇಲೆ ಬಿಚ್ಚಲೂ ನಾವೇ ಇರಬೇಕು. ನಮ್ಮ ಕೆಲಸವೆಲ್ಲ ಬಯಲಲ್ಲಿ, ಕಬ್ಬಿಣದ ಪೈಪು ಮತ್ತು ಕರೆಂಟಿನ ವಯರಿನ ಜೊತೆ. ಹಾಗಾಗಿ ಹವಾಮಾನದ ವಿಷಯಕ್ಕೆ ಸ್ವಲ್ಪ ಜಾಸ್ತಿಯೇ ತಲೆ ಹಾಕುತ್ತೇನೆ. ಈ ಪತ್ರವೂ ಅದಕ್ಕೇ.

ಪ್ರತಿ ವರ್ಷ ಮೇ ಕೊನೆಗೆ ಪೇಪರಿನಲ್ಲಿ ಒಂದು ಸುದ್ದಿ ಬರುತ್ತದೆ. ಮಳೆಗಾಲ ಎದುರಿಸಲು ಜಿಲ್ಲಾಡಳಿತ ಸಜ್ಜು. 1077 ನಂಬರಿನ ಕಂಟ್ರೋಲ್ ರೂಮ್, ನೋಡಲ್ ಅಧಿಕಾರಿಗಳು, ದೋಣಿ, ಜೆಸಿಬಿ, ಕಾಳಜಿ ಕೇಂದ್ರಕ್ಕೆ ಗುರುತಿಸಿದ ಶಾಲೆಗಳು. ಇದರಲ್ಲಿ ತಪ್ಪು ಹುಡುಕಲು ನಾನು ಬಂದಿಲ್ಲ. ನೆರೆ ಬಂದಾಗ ಈ ತಯಾರಿ ಬೇಕೇ ಬೇಕು. ಆದರೆ ತಾರೀಕು ನೋಡಿ. ಈ ಸಭೆ ಕೂರುವ ಹೊತ್ತಿಗೆ ನಮ್ಮ ಆಕಾಶದ ಕೆಟ್ಟ ಎರಡು ತಿಂಗಳು ಮುಗಿಯುತ್ತಾ ಬಂದಿರುತ್ತವೆ.

ಸಿಡಿಲಿನ ಕಾಲ ಏಪ್ರಿಲ್, ಮೇ. ತುಳು ಲೆಕ್ಕದಲ್ಲಿ ಪಗ್ಗು, ಬೇಸ. ಆಮೇಲೆ ಇನ್ನೊಂದು ಸುತ್ತು ಅಕ್ಟೋಬರ್, ನವೆಂಬರಿನಲ್ಲಿ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದೂ ಹೆಚ್ಚಾಗಿ ಇದೇ ಎರಡು ಹೊತ್ತಿನಲ್ಲಿ. ಮುಂಗಾರು ಹಿಡಿಯುವ ಆಸುಪಾಸು ಒಮ್ಮೆ, ಮುಂಗಾರು ಹೋದ ಮೇಲೆ ಡಿಸೆಂಬರಿನವರೆಗೆ ಮತ್ತೊಮ್ಮೆ. ಈಗ ನಮ್ಮ ಊರಿನ ಕ್ಯಾಲೆಂಡರ್ ತೆಗೆಯಿರಿ. ನೇಮ, ಬ್ರಹ್ಮಕಲಶ, ಮದುವೆ, ಕ್ರಿಕೆಟ್, ಮಲ್ಪೆ ಪಣಂಬೂರು ಬೀಚಿಗೆ ಬರುವ ಪ್ರವಾಸಿಗರು, ಎಲ್ಲ ಏಪ್ರಿಲ್ ಮೇ ತಿಂಗಳಲ್ಲೇ. ಕಂಬಳ ಶುರುವಾಗುವುದು, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವುದು ನವೆಂಬರ್ ಹೊತ್ತಿಗೆ. ಜುಲೈಯಲ್ಲಿ ಬೋಟು ಧಕ್ಕೆಯಲ್ಲಿ, ಆಟ ಬಂದ್, ಜನ ಸೂರಿನ ಅಡಿಯಲ್ಲಿ. ಮೇ ಮತ್ತು ನವೆಂಬರಿನಲ್ಲಿ ಇಡೀ ಊರು ಬಯಲಲ್ಲಿ, ಬೋಟುಗಳು ಆಳ ಸಮುದ್ರದಲ್ಲಿ. ನಾವು ಕಾವಲು ಹಾಕುವುದು ಮಾತ್ರ ಜೂನ್‌ನಿಂದ ಸೆಪ್ಟೆಂಬರಿನವರೆಗೆ!

ಬರೀ ಸಿಡಿಲಿನ ಮಾತಲ್ಲ ಇದು. ಮಂಗಳೂರು ಪೇಟೆ ಮುಳುಗಿದ್ದು 2018ರ ಮೇ 29ಕ್ಕೆ. ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆಯ ಮೇಲೆ ಬಿದ್ದು ಮಕ್ಕಳು ಸತ್ತದ್ದು 2025ರ ಮೇ 30ಕ್ಕೆ. ಆ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಕಾಲಿಟ್ಟಿತ್ತು, 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ಎರಡೂ ಅನಾಹುತ ಜೂನ್ ಒಂದರ ಒಳಗೇ ನಡೆದವು.

ಹಿರಿಯರು ಬೇಸ ತಿಂಗಳ ಹತ್ತಕ್ಕೆ ಪತ್ತನಾಜೆ ಇಟ್ಟಿದ್ದಾರೆ. ಮೇ 24 ಅಥವಾ 25 ಬರುತ್ತದೆ ಅದು. ಅವತ್ತಿಗೆ ಕೋಲ ನೇಮ ಮುಗಿಯಬೇಕು, ಮೇಳದವರು ಗೆಜ್ಜೆ ಬಿಚ್ಚಬೇಕು. ಮಳೆ ಹಿಡಿಯುವ ಮೊದಲು ಬಯಲಿನ ಕೆಲಸಕ್ಕೆ ಬಾಗಿಲು ಹಾಕುವ ಲೆಕ್ಕ. ಮಳೆಯ ಮಟ್ಟಿಗೆ ಅದು ಸರಿಯೇ. ಗುಡುಗಿಗೆ ಮಾತ್ರ ಪತ್ತನಾಜೆಯೂ ತಡ. ಏಪ್ರಿಲ್ ನಡುವಿನ ಬಿಸು ಹಬ್ಬದಿಂದ ಪತ್ತನಾಜೆವರೆಗೆ ಸುಮಾರು ಆರು ವಾರ ಇದೆಯಲ್ಲ, ಆ ಆರು ವಾರದ ಸಂಜೆಗಳ ಬಗ್ಗೆಯೇ ನನಗೆ ಹೆದರಿಕೆ.

ಏಪ್ರಿಲ್‌ನಲ್ಲಿ ಯಾಕೆ ಅಷ್ಟು ಗುಡುಗು, ಜುಲೈಯಲ್ಲಿ ದಿನವಿಡೀ ಸುರಿದರೂ ಯಾಕೆ ಕಡಿಮೆ ಎಂದು ನಮ್ಮ ಹುಡುಗರು ಕೇಳುತ್ತಿರುತ್ತಾರೆ. ಬೇಸಗೆಯಲ್ಲಿ ನೆಲ ಕಾದಿರುತ್ತದೆ. ಮಧ್ಯಾಹ್ನ ಸಮುದ್ರದ ಕಡೆಯಿಂದ ತೇವದ ಗಾಳಿ ಒಳಗೆ ನುಗ್ಗುತ್ತದೆ, ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮೋಡ 12ರಿಂದ 15 ಕಿ.ಮೀ. ಎತ್ತರಕ್ಕೆ ಬೆಳೆಯುತ್ತದೆ. ಅಷ್ಟು ಮೇಲೆ ನೀರು ನೀರಾಗಿ ಉಳಿಯುವುದಿಲ್ಲ, ಹೆಪ್ಪುಗಟ್ಟುತ್ತದೆ. ಹಗುರದ ಹಿಮದ ಹರಳುಗಳು ಮೇಲೆ ಹೋಗುವಾಗ, ಭಾರದ ಹಿಮದುಂಡೆಗಳು ಕೆಳಗೆ ಬರುವಾಗ ಒಂದಕ್ಕೊಂದು ಬಡಿಯುತ್ತವೆ. ಆ ಬಡಿತದಲ್ಲಿ ವಿದ್ಯುತ್ತು ಎರಡು ಪಾಲಾಗುತ್ತದೆ. ಸಾಮಾನ್ಯವಾಗಿ ಮೋಡದ ತಲೆಯಲ್ಲಿ ಧನ, ಕೆಳಗಿನ ಭಾಗದಲ್ಲಿ ಋಣ. ನಡುವಿನ ಗಾಳಿಗೆ ತಡೆಯಲಾಗದಷ್ಟು ಅಂತರ ಆದಾಗ ಮಿಂಚು ಹೊಡೆಯುತ್ತದೆ. ಅದು ನೆಲಕ್ಕೆ ಬಂದರೆ ಸಿಡಿಲು. ಜುಲೈಯ ಮೋಡಗಳು ಅಷ್ಟು ಎತ್ತರ ಬೆಳೆಯುವುದು ಕಡಿಮೆ. ಹಿಮ ಕಡಿಮೆ, ಹಾಗಾಗಿ ಗುಡುಗೂ ಕಡಿಮೆ. ಸುರಿಯಲು ಮಾತ್ರ ಏನೂ ಅಡ್ಡಿ ಇಲ್ಲ.

ಸಿಡಿಲಿನ ಸಾವು ಸುದ್ದಿಯಾಗುವುದು ಕಡಿಮೆ. ಒಂದು ಕಡೆ ಒಬ್ಬರು, ಇನ್ನೊಂದು ಕಡೆ ಇಬ್ಬರು, ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು. ಒಟ್ಟು ಮಾಡಿದರೆ ಗಾಬರಿಯಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಪ್ರಕೃತಿ ವಿಕೋಪಕ್ಕೆ ಸತ್ತವರು 8,060 ಮಂದಿ. ಅದರಲ್ಲಿ 2,887 ಮಂದಿ ಸಿಡಿಲಿಗೆ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ನೆರೆಗೆ ಕಾಳಜಿ ಕೇಂದ್ರ ಉಂಟು, ಚಂಡಮಾರುತಕ್ಕೆ ರಕ್ಷಣಾ ತಂಡ ಉಂಟು. ಸಿಡಿಲಿಗೆ ಎಂತ ಉಂಟು?

ಯಾರು ಸಿಕ್ಕಿಕೊಳ್ಳುತ್ತಾರೆ ನೋಡಿ. ಧಾರಾಕಾರ ಮಳೆ ಬರುವಾಗ ಯಾರೂ ಹೊರಗೆ ನಿಲ್ಲುವುದಿಲ್ಲ. ಅಪಾಯ ಜಾಸ್ತಿ ಇರುವುದು ಮಳೆಗೆ ಸ್ವಲ್ಪ ಮೊದಲು, ಮತ್ತೆ ಮಳೆ ಬಿಟ್ಟಿತು ಎಂದು ಹೊರಗೆ ಬರುವ ಹೊತ್ತಿಗೆ. ಗುಡುಗು ಕೇಳಿದ ಕೂಡಲೇ ನಮ್ಮ ಮನೆಗಳಲ್ಲಿ ಎಂತ ಮಾಡುತ್ತಾರೆ? ಅಂಗಳಕ್ಕೆ ಓಡುತ್ತಾರೆ. ಒಣಗಲು ಹಾಕಿದ ಅಡಿಕೆ ರಾಶಿ ಮಾಡಬೇಕು, ಟೆರೇಸಿನಿಂದ ಹಲಸಿನ ಹಪ್ಪಳ ತೆಗೆಯಬೇಕು, ಗುಡ್ಡೆಯಲ್ಲಿ ಕಟ್ಟಿದ ದನ ತರಬೇಕು. ಸಿಡಿಲು ಮಳೆ ಬೀಳುವ ಜಾಗದಿಂದ ಹತ್ತು ಕಿ.ಮೀ. ಆಚೆಗೂ ಹೊಡೆಯಬಹುದು. ಅಂದರೆ ತಲೆಯ ಮೇಲೆ ಆಕಾಶ ಬೆಳ್ಳಗಿದ್ದು ಪೂರ್ವದಲ್ಲಿ ಕಾರ್ಕಳದ ಕಡೆ ಕಪ್ಪಾಗಿರುವಾಗಲೇ ಹಪ್ಪಳ ಒಳಗೆ ಬಂದಿರಬೇಕು. ಗುಡುಗಿದ ಮೇಲೆ ಹಪ್ಪಳ ನೆನೆದರೆ ನೆನೆಯಲಿ.

ಲೆಕ್ಕ ಹಾಕುವುದು ಸುಲಭ. ಶಬ್ದ ಒಂದು ಕಿ.ಮೀ. ಬರಲು ಸುಮಾರು 3 ಸೆಕೆಂಡ್ ಬೇಕು. ಮಿಂಚು ಕಂಡು 30 ಸೆಕೆಂಡಿನ ಒಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ. ಎಣಿಸುವ ಪುರುಸೊತ್ತು ಇಲ್ಲದಿದ್ದರೂ ಅಡ್ಡಿಯಿಲ್ಲ. ಗುಡುಗು ಕಿವಿಗೆ ಬಿತ್ತು ಅಂದರೆ ಒಳಗೆ ಹೋಗಬೇಕು, ಅಷ್ಟೇ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು. ಈ ಅರ್ಧ ಗಂಟೆಯೇ ಜನರಿಗೆ ಕಷ್ಟ. ಮಳೆ ಬಿಟ್ಟು ಐದು ನಿಮಿಷಕ್ಕೆ ಬ್ಯಾಟ್ ಹಿಡಿದು ಗದ್ದೆಗೆ ಇಳಿಯುತ್ತಾರೆ.

ಈಗ ನನ್ನ ಮುಖ್ಯ ಬೇಡಿಕೆಗೆ ಬರುತ್ತೇನೆ.

ಬಯಲಲ್ಲಿ ಕಾರ್ಯಕ್ರಮ ನಡೆಯುವಾಗ ಗುಡುಗಿದರೆ ಅದನ್ನು ನಿಲ್ಲಿಸುವ ಅಧಿಕಾರ ಯಾರದ್ದು? ಯಾರದ್ದೂ ಅಲ್ಲ. ಸಮಿತಿಯವರು ಅಧ್ಯಕ್ಷರ ಮುಖ ನೋಡುತ್ತಾರೆ. ಅಧ್ಯಕ್ಷರು ಅತಿಥಿಗಳ ಮುಖ ನೋಡುತ್ತಾರೆ. ಅತಿಥಿಗಳು ಭಾಷಣ ಮುಂದುವರಿಸುತ್ತಾರೆ. ಕ್ರಿಕೆಟ್ ಆದರೆ ಇನ್ನು ಎರಡು ಓವರ್ ಅಷ್ಟೇ ಇರುತ್ತದೆ, ಅದು ಯಾವಾಗಲೂ ಎರಡೇ ಓವರ್. ಮೈಕ್ ಸೆಟ್‌ನವ ಬಂದ್ ಮಾಡಿದರೆ ಅವನ ಬಾಡಿಗೆ ಕಟ್. ನಮಗೆಲ್ಲ ಇದು ಆಗಿದೆ. ಊರ ಹತ್ತಿರದ ಒಂದು ಸಮಿತಿಯವರು, ಸಿಡಿಲಿಗೆ ಹೆದರಿ ಜನರೇಟರ್ ನಿಲ್ಲಿಸಿದ್ದಕ್ಕೆ, ಬಾಡಿಗೆಯಲ್ಲಿ ಅರ್ಧ ಹಿಡಿದು ಕೊಟ್ಟರು. ಅವರ ಹೆಸರು ಇಲ್ಲಿ ಬೇಡ. ಮುಂದಿನ ವರ್ಷವೂ ಅವರ ಕೆಲಸ ನಮಗೇ ಬರಲಿ.

ಆದರೆ ಅದೇ ಸಮಿತಿಯವರು ರಾತ್ರಿ ಹತ್ತು ಗಂಟೆ ಆಯಿತು ಅಂದರೆ ಮೈಕ್ ಬಗ್ಗೆ ಎಷ್ಟು ಜಾಗ್ರತೆ ಮಾಡುತ್ತಾರೆ! ಯಾಕೆಂದರೆ ಪರವಾನಗಿ ಕಾಗದದಲ್ಲಿ ಅದು ಬರೆದಿದೆ. ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಇಲ್ಲ ಎನ್ನುವುದು ಕಾನೂನು. ಅದರ ಕೆಳಗೆ ಇನ್ನೊಂದೇ ಸಾಲು ಸೇರಿಸಿ ಎಂದು ಕೇಳುತ್ತಿದ್ದೇನೆ. ಗುಡುಗು ಕೇಳಿದ ತಕ್ಷಣ ಕಾರ್ಯಕ್ರಮ ನಿಲ್ಲಿಸಿ ಜನರನ್ನು ಗಟ್ಟಿ ಕಟ್ಟಡಕ್ಕೆ ಅಥವಾ ಬಸ್ಸು ಕಾರಿಗೆ ಕಳಿಸಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಆರಂಭಿಸಬಾರದು. ನಿಲ್ಲಿಸುವ ಜವಾಬ್ದಾರಿ ಯಾರದ್ದು ಎಂದು ಅರ್ಜಿಯಲ್ಲೇ ಒಂದು ಹೆಸರು ಬರೆಸಿಕೊಳ್ಳಿ. ಆ ಹತ್ತಿರ ಗಟ್ಟಿ ಕಟ್ಟಡ ಯಾವುದು, ಶಾಲೆಯಾ, ಸಭಾಭವನವಾ, ಅದನ್ನೂ ಬರೆಸಿ. ಸರ್ಕಾರಕ್ಕೆ ಇದರಿಂದ ಒಂದು ರೂಪಾಯಿ ಖರ್ಚಿಲ್ಲ. ನನ್ನಂಥವನ ಕೈಗೆ ಒಂದು ಕಾಗದ ಸಿಗುತ್ತದೆ. ಅಧ್ಯಕ್ಷರೇ, ಡೀಸಿ ಆರ್ಡರ್ ಉಂಟು ಎಂದು ಹೇಳಿ ಸ್ವಿಚ್ ತೆಗೆಯಬಹುದು.

ಗಟ್ಟಿ ಕಟ್ಟಡ ಎಂದು ಒತ್ತಿ ಹೇಳಲು ಕಾರಣ ಉಂಟು. ಶಾಮಿಯಾನ ಆಸರೆ ಅಲ್ಲ. ಇದನ್ನು ಶಾಮಿಯಾನದವನೇ ಹೇಳುತ್ತಿದ್ದೇನೆ, ನಂಬಿ. ತಗಡಿನ ಚಪ್ಪರವೂ ಅಲ್ಲ, ಗೋಡೆ ಇಲ್ಲದ ಬಸ್ ಸ್ಟ್ಯಾಂಡೂ ಅಲ್ಲ, ಅಶ್ವತ್ಥ ಕಟ್ಟೆಯಂತೂ ಅಲ್ಲವೇ ಅಲ್ಲ. ಸಿಡಿಲು ನೇರ ತಲೆಗೇ ಬಡಿಯಬೇಕೆಂದಿಲ್ಲ. ಮರಕ್ಕೆ ಬಡಿದದ್ದು ಪಕ್ಕದಲ್ಲಿ ನಿಂತವನ ಮೈಗೆ ಹಾರುತ್ತದೆ. ನೆಲಕ್ಕೆ ಇಳಿದದ್ದು ನಾಲ್ಕೂ ದಿಕ್ಕಿಗೆ ಹರಿಯುತ್ತದೆ, ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಒಂದೇ ಮರದಡಿ ನಿಂತ ದನಗಳು ಒಟ್ಟಿಗೆ ಸಾಯುವುದು ಹೀಗೇ. ನಮ್ಮ ಚಪ್ಪರದ ಕಂಬಗಳನ್ನೆಲ್ಲ ಪೈಪು, ಸರಿಗೆ ಜೋಡಿಸಿರುತ್ತದೆ. ಒಂದು ಮೂಲೆಗೆ ಬಿದ್ದದ್ದು ಇನ್ನೊಂದು ಮೂಲೆಯಲ್ಲಿ ಕಂಬಕ್ಕೆ ಒರಗಿ ಕೂತ ಅಜ್ಜನಿಗೆ ತಾಗಬಹುದು.

ಬಸ್ಸು, ಕಾರು ಒಳ್ಳೆಯದು. ಟಯರ್ ರಬ್ಬರು ಎಂಬ ಕಾರಣಕ್ಕಲ್ಲ. ಅಷ್ಟು ದೂರದ ಗಾಳಿಯನ್ನೇ ಸೀಳಿ ಬಂದದ್ದಕ್ಕೆ ನಾಲ್ಕು ಇಂಚಿನ ರಬ್ಬರ್ ಯಾವ ಲೆಕ್ಕ? ಲೋಹದ ಮೈ ವಿದ್ಯುತ್ತನ್ನು ಹೊರಗಿಂದ ಹೊರಗೇ ನೆಲಕ್ಕೆ ಇಳಿಸುತ್ತದೆ, ಅದಕ್ಕೆ. ಗಾಜು ಏರಿಸಿ, ಲೋಹ ಮುಟ್ಟದೆ ಕೂರಬೇಕು. ರಿಕ್ಷಾ, ಬೈಕು ಈ ಲೆಕ್ಕಕ್ಕೆ ಬರುವುದಿಲ್ಲ. ದೇವಸ್ಥಾನದ ಗೋಪುರಕ್ಕೆ ಮಿಂಚು ತಡೆ ಸಲಾಕೆ ಹಾಕಿದ್ದೇವೆ, ಇಡೀ ಗದ್ದೆಗೆ ರಕ್ಷಣೆ ಉಂಟು ಎನ್ನುವವರೂ ಇದ್ದಾರೆ. ಅದು ಆ ಕಟ್ಟಡವನ್ನೂ ಅದರ ಬುಡದ ಸ್ವಲ್ಪ ಜಾಗವನ್ನೂ ಕಾಯುತ್ತದೆ, ಅದೂ ಅರ್ತಿಂಗ್ ಸರಿ ಇದ್ದರೆ. ಇನ್ನು ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎಂಬುದು ಸುಮ್ನೆ ಮಾತು. ಚಾರ್ಜಿಗೆ ಹಾಕಿ ಕಿವಿಗೆ ಹಿಡಿಯುವುದು ಮಾತ್ರ ಬೇಡ, ವಯರಿನ ದಾರಿಯಲ್ಲಿ ಬರುತ್ತದೆ.

ಗಾಳಿಯ ಮಾತೂ ಇದೆ. ಗುಡುಗಿನ ಮೋಡದಿಂದ ತಣ್ಣಗಿನ ಗಾಳಿ ಒಮ್ಮೆಲೇ ಕೆಳಗೆ ಬಿದ್ದು ನೆಲದ ಮೇಲೆ ಹರಡುತ್ತದೆ. ಮಳೆಗೆ ಮೊದಲು ಇದೇ ಬರುವುದು. ಸೆಕೆಯಲ್ಲಿ ಕೂತ ಜನ ‘ಹಾ, ತಂಪಾಯಿತು’ ಎನ್ನುವಾಗ ನಾವು ಹಗ್ಗ ಹಿಡಿಯಲು ಓಡುತ್ತೇವೆ. ಹವಾಮಾನ ಇಲಾಖೆಯ ಸೂಚನೆಯಲ್ಲಿ ಗಂಟೆಗೆ 30–40 ಕಿ.ಮೀ., 40–50 ಕಿ.ಮೀ. ಎಂದು ಬರೆದಿರುತ್ತದೆ. ಓದುವವರಿಗೆ ಹತ್ತು ಕಿ.ಮೀ. ವ್ಯತ್ಯಾಸ ಏನು ಮಹಾ ಅನಿಸಬಹುದು. ಗಾಳಿಯ ವೇಗ ಎರಡು ಪಟ್ಟಾದರೆ ಬಟ್ಟೆಯ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. 30ಕ್ಕೆ ಗಟ್ಟಿ ನಿಂತ ಗೂಟ 60ಕ್ಕೆ ಬೇರು ಸಮೇತ ಎದ್ದು ಬರುತ್ತದೆ. ಹಾರುವ ತಗಡು ಕತ್ತಿಗಿಂತ ಕಡೆ ಏನಲ್ಲ. ಹೊಸ ಕಾಲದ ದೊಡ್ಡ ಎಲ್‌ಇಡಿ ಪರದೆಗಳು ಹಾಯಿಪಟ ಇದ್ದ ಹಾಗೆ, ಎಷ್ಟು ಗಾಳಿ ಸಿಕ್ಕಿದರೂ ಹಿಡಿಯುತ್ತವೆ. ಅವಕ್ಕೆ ಗಾಳಿಯ ಮಿತಿ ಇಷ್ಟು ಎಂದು ಅನುಮತಿಯಲ್ಲೇ ಬರೆಯುವುದು ಒಳ್ಳೆಯದು.

ಸಿಡಿಲು ಬಡಿದವರ ಬಗ್ಗೆ ಒಂದು ಮಾತು ಎಲ್ಲ ಪಂಚಾಯತಿನ ಗೋಡೆಯಲ್ಲೂ ಬರೆಸಿ. ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಮುಟ್ಟಬಹುದು, ಮುಟ್ಟಲೇಬೇಕು. ಸುಟ್ಟ ಗಾಯಕ್ಕಿಂತ ಹೆಚ್ಚಾಗಿ ಹೃದಯ, ಉಸಿರು ನಿಂತು ಸಾಯುವುದು. ಕೂಡಲೇ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಾ, 108ಕ್ಕೆ ಇನ್ನೊಬ್ಬರು ಫೋನ್ ಮಾಡಿದರೆ ಬದುಕುವ ಸಾಧ್ಯತೆ ಇದೆ. ನಮ್ಮಲ್ಲಿ ಜನ ಸುತ್ತ ನಿಂತು ಮುಟ್ಟಬೇಡಿ, ಮುಟ್ಟಬೇಡಿ ಎನ್ನುತ್ತಾರೆ. ಜೀವ ಉಳಿಸಬಹುದಾದ ಆ ಮೊದಲ ನಿಮಿಷಗಳು ಹಾಗೇ ಹೋಗುತ್ತವೆ.

ಇನ್ನು ಅಲರ್ಟ್ ವಿಷಯ. ನಮ್ಮ ಎರಡು ಜಿಲ್ಲೆಗಳಲ್ಲಿ ರೆಡ್ ಅಲರ್ಟ್ ಎಂದರೆ ಒಂದೇ ಅರ್ಥ ಆಗಿಬಿಟ್ಟಿದೆ. ನಾಳೆ ರಜೆಯಾ? ಮಕ್ಕಳು ನಿಮ್ಮ ಖಾತೆಗೆ ಸಾಲುಸಾಲಾಗಿ ಮೆಸೇಜ್ ಹಾಕುತ್ತಾರೆ, ಪಾಪ ನೀವೂ ಕೆಲವೊಮ್ಮೆ ತಮಾಷೆಯಾಗಿ ಉತ್ತರ ಕೊಡುತ್ತೀರಿ. ಮರುದಿನ ಬಿಸಿಲು ಬಂದರೆ ಹೋಟೆಲಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಎಂತ ಮಾರಾಯ್ರೆ, ರೆಡ್ ಅಲರ್ಟ್ ಅಂತೆ, ಬಿಸಿಲು ನೋಡಿ!’ ತಪ್ಪು ಹವಾಮಾನ ಇಲಾಖೆಯದ್ದು ಎಂದು ನನಗೆ ಅನಿಸುವುದಿಲ್ಲ. ಎಚ್ಚರಿಕೆ ಕೊಡುವುದು ಇಡೀ ಜಿಲ್ಲೆಗೆ. ದಕ್ಷಿಣ ಕನ್ನಡ ಅಂದರೆ ಉಳ್ಳಾಲದ ಕಡಲಿನಿಂದ ಸುಬ್ರಹ್ಮಣ್ಯದ ಕಾಡಿನವರೆಗೆ. ಘಟ್ಟದ ಬುಡದಲ್ಲಿ ಬಾನು ಬಿರಿದು ಸುರಿಯುವಾಗ ಮಂಗಳೂರು ಪೇಟೆಯ ಹಂಪನಕಟ್ಟೆಯಲ್ಲಿ ಕೊಡೆ ಬಿಚ್ಚದೆ ನಡೆಯಬಹುದು. ಆದರೆ ಕುಮಾರಧಾರೆ, ನೇತ್ರಾವತಿ ಉಪ್ಪಿನಂಗಡಿಯಲ್ಲಿ ಸೇರಿ ಆ ನೀರು ಇಳಿದು ಬರುವುದು ಮಂಗಳೂರಿಗೇ ಅಲ್ವಾ?

ಬಣ್ಣದ ಅರ್ಥವನ್ನೂ ಯಾರೂ ಹೇಳಿಕೊಟ್ಟಿಲ್ಲ. ಹಳದಿ ಎಂದರೆ ಗಮನ ಇಡಿ, ಕಿತ್ತಳೆ ಎಂದರೆ ತಯಾರಾಗಿ, ಕೆಂಪು ಎಂದರೆ ಕ್ರಮ ತೆಗೆದುಕೊಳ್ಳಿ. ಮಳೆಯ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ದಿನ ಎಂದರೆ ಬೆಳಿಗ್ಗೆ 8.30ರಿಂದ ಮರುದಿನ 8.30. ಜೂನ್‌ನಿಂದ ಸೆಪ್ಟೆಂಬರಿನವರೆಗೆ 3,000 ಮಿ.ಮೀ. ಮೇಲೆ ಮಳೆ ನೋಡುವ ನಮಗೆ 120 ಮಿ.ಮೀ. ದೊಡ್ಡ ಸಂಗತಿ ಅಲ್ಲ, ಇಪ್ಪತ್ತನಾಲ್ಕು ಗಂಟೆ ನಿಧಾನ ಸುರಿದರೆ. ಅದೇ 120 ಎರಡು ಗಂಟೆಯಲ್ಲಿ ಬಿದ್ದರೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ, ಉಡುಪಿಯ ಕಲ್ಸಂಕದಲ್ಲಿ ಎಂತ ಆಗುತ್ತದೆ ಎಂದು ನಿಮಗೇ ಗೊತ್ತು. ಜನರಿಗೆ ಬೇಕಾದದ್ದು ಈ ಗಂಟೆಯ ಮಾತು. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗೆ ಎಂದು ಸೂಚನೆ ಕೊಡುತ್ತದೆ. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಹತ್ತಿರದಲ್ಲಿ ಹೊಡೆದ ಸಿಡಿಲನ್ನು ತೋರಿಸುತ್ತದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ್ದೇ ‘ಸಿಡಿಲು’ ಎಂಬ ಆ್ಯಪ್ ಇದೆ. ವ್ಯವಸ್ಥೆ ಇದೆ ಸ್ವಾಮಿ. ಅದು ಗದ್ದೆಯ ಬದಿಗೆ ಬಂದು ಮುಟ್ಟುವುದಿಲ್ಲ.

ನಮಗೆ ಬರುವುದು ಇಂಗ್ಲಿಷಿನ ಪಿಡಿಎಫ್, ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ, ಒಮ್ಮೊಮ್ಮೆ ನಿನ್ನೆಯದ್ದು. ಅದನ್ನು ಹೀಗೆ ಕಳಿಸಿದರೆ ಎಷ್ಟು ಚೆಂದ: ‘ಇವತ್ತು ಸಂಜೆ 4ರಿಂದ 7, ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆ ಗುಡುಗು. ಬಯಲಿನ ಕೆಲಸ ನಾಲ್ಕರ ಒಳಗೆ ಮುಗಿಸಿ.’ ಇಷ್ಟೇ ಸಾಕು. ಕನ್ನಡದಲ್ಲಿ ಬರೆದು, ತುಳು, ಕೊಂಕಣಿ, ಬ್ಯಾರಿಯಲ್ಲಿ ಹೇಳಿ ಧ್ವನಿ ಕಳಿಸಿ. ಕಸದ ಗಾಡಿ ಬೆಳಿಗ್ಗೆ ಹಾಡು ಹಾಕಿಕೊಂಡು ಬರುತ್ತದಲ್ಲ, ಆ ಮೈಕಿನಲ್ಲೇ ಹೇಳಿಸಬಹುದು. ಇನ್ನೊಂದು: ಎಚ್ಚರಿಕೆ ಕೊಟ್ಟ ಮರುದಿನ ಎಲ್ಲೆಲ್ಲಿ ಎಷ್ಟು ಮಳೆ ಬಂತು, ಎಲ್ಲಿ ಬರಲಿಲ್ಲ ಎಂದು ನೀವೇ ಪ್ರಕಟಿಸಿ. ಹಂಪನಕಟ್ಟೆಯಲ್ಲಿ ಬಿಸಿಲು ಕಂಡವನಿಗೆ ಸುಬ್ರಹ್ಮಣ್ಯದ ಅಂಕಿ ಕಂಡರೆ ನಗುವುದು ನಿಲ್ಲುತ್ತದೆ. ರಜೆ ಆದೇಶದಲ್ಲೂ ಭಾರಿ ಮಳೆ ಹಿನ್ನೆಲೆ ಎಂದಷ್ಟೇ ಬರೆಯದೆ, ಹೊಳೆ ಬದಿಗೆ, ಗುಡ್ಡದ ಬುಡಕ್ಕೆ ಹೋಗಬೇಡಿ ಎಂದು ಒಂದು ಸಾಲು ಹಾಕಿ. ರಜೆ ಸಿಕ್ಕಿದ ಹುಡುಗರು ಮೊದಲು ಹೋಗುವುದೇ ಹೊಳೆ ನೋಡಲು.

ಚಂಡಮಾರುತದ ಬಗ್ಗೆ ನಮ್ಮಲ್ಲಿ ಒಂದು ಸಮಾಧಾನ ಇದೆ. ‘ಅದು ಇಲ್ಲಿಗೆ ಬರುವುದಿಲ್ಲ, ಗುಜರಾತಿಗೋ ಒಮಾನಿಗೋ ಹೋಗುತ್ತದೆ.’ ಅರ್ಧ ನಿಜ. ಲಕ್ಷದ್ವೀಪದ ಕಡೆ ಎದ್ದದ್ದು ಹೆಚ್ಚಾಗಿ ಉತ್ತರಕ್ಕೆ, ವಾಯವ್ಯಕ್ಕೆ ಸಾಗುತ್ತದೆ. ನಮ್ಮ ದಡಕ್ಕೆ ನೇರ ಬಡಿಯುವುದು ಬಹಳ ಅಪರೂಪ. ಆದರೆ 2021ರ ತೌಕ್ತೆ ನಮ್ಮ ದಡ ಮುಟ್ಟಿತ್ತಾ? ಇಲ್ಲ. ಮೇ 14ಕ್ಕೆ ಚಂಡಮಾರುತ ಎನಿಸಿಕೊಂಡದ್ದು ಸಮುದ್ರದಲ್ಲೇ ನಮ್ಮನ್ನು ದಾಟಿ 17ರ ರಾತ್ರಿ ಗುಜರಾತಿನಲ್ಲಿ ದಡ ಸೇರಿತು. ಅಷ್ಟರಲ್ಲಿ ಉಳ್ಳಾಲ, ಸೋಮೇಶ್ವರದಿಂದ ಮರವಂತೆವರೆಗೆ ಕಡಲು ರಸ್ತೆ, ಮನೆ, ತೆಂಗು ನುಂಗಿತ್ತು. ಒಂದು ಟಗ್ (ಹಡಗು ಎಳೆಯುವ ದೋಣಿ) ಮಗುಚಿ ಜೀವಗಳು ಹೋದವು. ಇನ್ನೊಂದು ಟಗ್ ಮೂಲ್ಕಿ ಹತ್ತಿರ ಬಂಡೆಗಳಲ್ಲಿ ಸಿಕ್ಕಿಕೊಂಡು, ಅದರಲ್ಲಿದ್ದ 9 ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಪಾರು ಮಾಡಬೇಕಾಯಿತು.

ಟಿವಿಯಲ್ಲಿ ತೋರಿಸುವ ನಕ್ಷೆಯೂ ಜನರನ್ನು ದಾರಿ ತಪ್ಪಿಸುತ್ತದೆ. ಒಂದು ಗೆರೆ, ಅದರ ಸುತ್ತ ಅಗಲವಾಗುತ್ತಾ ಹೋಗುವ ಪಟ್ಟಿ. ಜನ ಆ ಪಟ್ಟಿಯೇ ಚಂಡಮಾರುತದ ಗಾತ್ರ ಅಂದುಕೊಳ್ಳುತ್ತಾರೆ. ಚಂಡಮಾರುತದ ಕಣ್ಣು, ಅಂದರೆ ಅದರ ನಡುಭಾಗ, ಎಲ್ಲಿಗೆಲ್ಲ ಹೋಗಬಹುದು ಎಂಬ ಅಂದಾಜು ಮಾತ್ರ ಅದು. ಗಾಳಿ, ಮಳೆ, ಅಲೆ ಪಟ್ಟಿಯ ಹೊರಗೂ ನೂರಾರು ಕಿ.ಮೀ. ಇರುತ್ತವೆ. ಅಲೆಯಂತೂ ಚಂಡಮಾರುತಕ್ಕಿಂತ ಮುಂದೆ ಓಡಿ ಬರುತ್ತದೆ, ಇಲ್ಲಿ ಗಾಳಿಯೇ ಇಲ್ಲದಾಗಲೂ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಎತ್ತರದ ಅಲೆಗಳ ಎಚ್ಚರಿಕೆ ಕೊಡುತ್ತದೆ. ಮಲ್ಪೆ ಬೀಚಿನಲ್ಲಿ ಸೆಲ್ಫಿ ತೆಗೆಯುವವರಿಗೆ ಅದನ್ನು ಯಾರು ಹೇಳಬೇಕು? ಬಂಗಾಳ ಕೊಲ್ಲಿಯದ್ದೂ ನಮ್ಮನ್ನು ಬಿಡುವುದಿಲ್ಲ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಸೇರಿದ ಫೆಂಗಲ್, ಬಲ ಕಳೆದುಕೊಂಡು ಇತ್ತ ಬಂದು ಡಿಸೆಂಬರ್ ಮೊದಲ ವಾರ ನಮ್ಮಲ್ಲಿ ಸುರಿಯಿತು. ಡಿಸೆಂಬರಿನಲ್ಲಿ ಯಾವ ತಯಾರಿ ಇರುತ್ತದೆ?

ಮೀನುಗಾರರ ಲೆಕ್ಕ ಬೇರೆಯೇ. ಯಾಂತ್ರಿಕ ಬೋಟುಗಳಿಗೆ ನಿಷೇಧ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. 2023ರ ಬಿಪರ್‌ಜಾಯ್ ಜೂನ್‌ನಲ್ಲಿ ಎದ್ದದ್ದರಿಂದ ಬೋಟುಗಳು ಮೊದಲೇ ಧಕ್ಕೆಯಲ್ಲಿದ್ದವು. ಅದು ಅದೃಷ್ಟ. ತೌಕ್ತೆಯಂತೆ ಮೇ ನಡುವೆ ಬಂದರೆ ಆ ಅದೃಷ್ಟ ಇಲ್ಲ. ಆಳ ಸಮುದ್ರಕ್ಕೆ ಹೋದ ಟ್ರಾಲ್ ಬೋಟ್ ಹತ್ತು ದಿನ ದಡಕ್ಕೆ ಬರುವುದಿಲ್ಲ. ಗಂಟೆಗೆ 15 ಕಿ.ಮೀ. ಆಸುಪಾಸಿನಲ್ಲಿ ಓಡುವ ಬೋಟು 150 ಕಿ.ಮೀ. ಆಚೆ ಇದ್ದರೆ ವಾಪಸ್ ಬರಲು ಹತ್ತು ಗಂಟೆ ಬೇಕು, ಅದೂ ಕಡಲು ಸುಮ್ಮನಿದ್ದರೆ. 2017ರ ಓಖಿ ಕನ್ಯಾಕುಮಾರಿ ಹತ್ತಿರ ಒಂದು ದಿನದಲ್ಲಿ ಬಲವಾಗಿ, ಕೇರಳ ತಮಿಳುನಾಡಿನ ಮೀನುಗಾರರಿಗೆ ಸಮಯವೇ ಸಿಗಲಿಲ್ಲ. ಅಂಥದ್ದು ನಮ್ಮೆದುರು ಆಗದಿರಲು ಕಾರಣ ಇಲ್ಲ. ಕಡಲಿನ ಮೇಲ್ಮೈ ಕಾದಷ್ಟೂ ಬೇಗ ಬಲ ಬರುತ್ತದೆ, ಚಂಡಮಾರುತಕ್ಕೆ ಬೇಕಾದದ್ದು ಸುಮಾರು 26.5 ಡಿಗ್ರಿ. ಮೇ ತಿಂಗಳಲ್ಲಿ ನಮ್ಮ ಕಡಲು ಅದಕ್ಕಿಂತ ಮೇಲೇ ಇರುತ್ತದೆ.

ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲ್ ಇಲ್ಲ. ವೈರ್‌ಲೆಸ್ ಇದೆ. ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ ಕಳಿಸುವ ಟ್ರಾನ್ಸ್‌ಪಾಂಡರ್ ಯೋಜನೆ ಇದೆ. ಅದು ಎಲ್ಲ ಬೋಟಿಗೂ ಅಳವಡಿಸಿದೆಯೋ, ಆನ್ ಇದೆಯೋ ಎಂದು ನೋಡುವ ಕೆಲಸ ಏಪ್ರಿಲ್‌ನಲ್ಲಿ ಮತ್ತು ಸೆಪ್ಟೆಂಬರಿನಲ್ಲಿ ಆಗಲಿ. ಬೋಟಿನಲ್ಲಿ ಕೆಲಸ ಮಾಡುವವರಲ್ಲಿ ತಮಿಳುನಾಡು, ಆಂಧ್ರ, ಒಡಿಶಾದವರು ಬಹಳ ಮಂದಿ. ಕನ್ನಡದ ಎಚ್ಚರಿಕೆ ಅವರಿಗೆ ಎಷ್ಟು ಅರ್ಥವಾದೀತು? ಬಂದರಿನಲ್ಲಿ 3ನೇ ನಂಬರಿನ ಸಂಕೇತ ಏರಿಸಲಾಗಿದೆ ಎಂದು ಪೇಪರಿನಲ್ಲಿ ಬರುತ್ತದೆ. ಒಟ್ಟು 11 ಸಂಕೇತಗಳಲ್ಲಿ ಅದು ಬಂದರಿಗೆ ಬಿರುಗಾಳಿಯ ಅಪಾಯ ಇದೆ ಎನ್ನುವುದು. 1ನೇಯದ್ದು ದೂರ ಕಡಲಿನದ್ದು. ಇದನ್ನು ಧಕ್ಕೆಯ ಗೋಡೆಯ ಮೇಲೆ ಚಿತ್ರ ಸಮೇತ, ನಾಲ್ಕೈದು ಭಾಷೆಯಲ್ಲಿ ಬರೆಸಿದರೆ ಬಣ್ಣದ ಖರ್ಚು ಬಿಟ್ಟು ಬೇರೇನಿದೆ?

ವಿಪತ್ತು ನಿರ್ವಹಣಾ ಕಾಯ್ದೆ 2005ರ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. ಮೇಲಿಂದ ಆದೇಶ ಬರಲಿ ಎಂದು ಕಾಯಬೇಕಾದ ಕೆಲಸ ಇದರಲ್ಲಿ ಕಡಿಮೆ. ಮಳೆಗಾಲದ ಸಭೆಯನ್ನು ಬಿಸುವಿಗೆ ಮೊದಲು ಕರೆಯಿರಿ. ಇನ್ನೊಂದನ್ನು ನವರಾತ್ರಿ ಹೊತ್ತಿಗೆ, ಮೇಳಗಳು ಹೊರಡುವ ಮೊದಲು. ಕಂದಾಯ, ಪೊಲೀಸ್, ಮೀನುಗಾರಿಕೆ ಇಲಾಖೆಯವರ ಜೊತೆ ದೇವಸ್ಥಾನ ಸಮಿತಿಗಳು, ಮೇಳದ ಯಜಮಾನರು, ಕ್ರಿಕೆಟ್ ಕ್ಲಬ್‌ನ ಹುಡುಗರು, ಬೋಟ್ ಮಾಲೀಕರು, ಸಭಾಭವನದವರು ಇರಲಿ. ಶಾಮಿಯಾನದವರನ್ನೂ ಕರೆಯಿರಿ, ಹಿಂದಿನ ಸಾಲಿನಲ್ಲಿ ಕೂರುತ್ತೇವೆ. ಪರವಾನಗಿಯ ಆ ಒಂದು ಸಾಲು ಹೇಗಿರಬೇಕು ಎಂದು ನಾವು ನಾಲ್ಕು ಮಂದಿ ಕೂತು ಬರೆದು ತರುತ್ತೇವೆ, ನಿಮ್ಮ ಕಾನೂನು ವಿಭಾಗದವರು ತಿದ್ದಲಿ. ಸಭೆ ಬೆಳಿಗ್ಗೆ ಇಟ್ಟರೆ ಉಪಕಾರ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ನಾವೆಲ್ಲ ಕಂಬ ನಿಲ್ಲಿಸುವ ಕೆಲಸದಲ್ಲಿ ಇರುತ್ತೇವೆ.

ಇತಿ ನಮಸ್ಕಾರಗಳು,
ಕಾಪು ಕಡೆಯ ಒಬ್ಬ ಶಾಮಿಯಾನದವ